ಮಸಾಅ, ಲಸಾಅ ಕೊಟ್ಟಾಗ ಎರಡು ಸಂಖ್ಯೆ ಹುಡ್ಕೋದು: ನನ್ನ ಪೊಟ್ಟಣದ ಲೆಕ್ಕ

ಧಾರವಾಡದ ಸಪ್ತಾಪುರದಾಗ ಎಫ್‌ಡಿಎ, ಎಸ್‌ಡಿಎ, ಪಿಸಿ (ಪೊಲೀಸ್ ಕಾನ್‌ಸ್ಟೆಬಲ್) ಅಂತ ಸರ್ಕಾರಿ ನೌಕರಿ ಪರೀಕ್ಷೆ ಬರಿಯೋ ಹುಡುಗ್ರಿಗೆ ಗಣಿತ ಹೇಳಾಕತ್ತಿ ಒಂಬತ್ತು ವರ್ಷ ಆತು. ಈ ಒಂದು ಲೆಕ್ಕ ಕೊಟ್ಟಷ್ಟು ತ್ರಾಸ ನನಗ ಬ್ಯಾರೆ ಯಾವ್ದೂ ಕೊಟ್ಟಿಲ್ಲ. ಎರಡು ಸಂಖ್ಯೆಯ ಮಸಾಅ (ಎರಡನ್ನೂ ಭಾಗಿಸೋ ಎಲ್ಲಕ್ಕಿಂತ ದೊಡ್ಡ ಸಂಖ್ಯೆ) 12, ಲಸಾಅ (ಎರಡರಿಂದನೂ ಭಾಗ ಹೋಗೋ ಎಲ್ಲಕ್ಕಿಂತ ಸಣ್ಣ ಸಂಖ್ಯೆ) 432, ಸಂಖ್ಯೆ ಯಾವು? 432ನ್ನ 12ರಿಂದ ಭಾಗಿಸಿ 36 ತಗಿಯೋತನಕ ಎಲ್ಲಾರೂ ಮಾಡ್ತಾರ. ಮುಂದ ಜೋಡಿ ಬರೀರಿ ಅಂದ್ರ 6×6, 3×12, 2×18 ಎಲ್ಲಾ ಬರದು ಕುಂದರ್ತಾರ. 'ಸಹ ಅವಿಭಾಜ್ಯ ಇರಬೇಕ್ರಪಾ, ಅಂದ್ರ 1 ಬಿಟ್ಟು ಬ್ಯಾರೆ ಯಾವ್ದೂ ಎರಡನ್ನೂ ಭಾಗಿಸಬಾರದು' ಅಂತ ಬೋರ್ಡ್ ಮ್ಯಾಲೆ ನೂರು ಸಲ ಬರದ್ರೂ ಟೆಸ್ಟ್‌ನ್ಯಾಗ ಮತ್ತ 24, 216. ಅವೆರಡರ ಮಸಾಅ 24 ಆಗ್ತೈತಿ, ಹಂಗಿದ್ದಾಗ ಉತ್ತರ ಹೆಂಗಾದೀತು?

ಎರಡನೇ ವರ್ಷ ಶಾರ್ಟ್‌ಕಟ್ ಹಾಳಿ ಪ್ರಿಂಟ್ ಹಾಕ್ಸಿದೆ, ಐದನೂರು ಕಾಪಿ, ಆರೂವರೆ ಸಾವಿರದ ಸುಮಾರು ರೊಕ್ಕ ಹೋತು. ಅದ್ರಾಗ 'ಎಷ್ಟು ಜೋಡಿ ಸಿಗ್ತಾವು ಅಂತ ಕೇಳಿದ್ರ ಭಾಗಿಸಿ ಬಂದ ಸಂಖ್ಯೆಯ ಅಪವರ್ತನಗಳ ಅರ್ಧ ಹಿಡೀರಿ' ಅಂತ ಬರದಿದ್ದೆ, 30, 42, 210 ಮೂರಕ್ಕೂ ಸರಿ ಬಂದಿತ್ತು. ನವಲಗುಂದದ ಕಡಿ ಹುಡುಗ ಒಬ್ಬ ಎದ್ದು ನಿಂತು 72ಕ್ಕ ಹಾಕಿ ತೋರ್ಸಿದ. 12 ಅಪವರ್ತನ, ಅರ್ಧ 6, ಖರೇ ಜೋಡಿ ಎರಡ. ಅಷ್ಟೂ ಕಾಪಿ ರದ್ದಿಗೆ ಹಾಕಿದೆ, ಆ ತಿಂಗಳ ರೂಮ್ ಬಾಡಿಗಿ ಸಾಲ ಮಾಡಿ ಕೊಟ್ಟೆ.

ದಾರಿ ಸಿಕ್ಕಿದ್ದು ಮನ್ಯಾಗ. ಅವ್ವ ಹುಣಸಿ ಹಣ್ಣು ಕುಟ್ಟಿ ಬೀಜ ತಗಿಯಾಕತ್ತಿದ್ಲು, ನಾನು ಬಾಜೂಕ ಕುಂತು ಹುಣಸಿ ಬೀಜಕ್ಕ 2 ಅಂತ, ಕಡ್ಲಿಗೆ 3 ಅಂತ, ಶೇಂಗಾಕ್ಕ 5 ಅಂತ ಹಿಡದು 36ಕ್ಕ, ಅಂದ್ರ 2×2×3×3ಕ್ಕ, ಎರಡು ಹುಣಸಿ ಬೀಜ ಒಂದು ಹಾಳ್ಯಾಗ, ಎರಡು ಕಡ್ಲಿ ಇನ್ನೊಂದು ಹಾಳ್ಯಾಗ ಸುತ್ತಿ ಎರಡು ಪೊಟ್ಟಣ ಮಾಡಿದೆ. ಮುಂದ ಎರಡು ತಾಟು. ಪೊಟ್ಟಣ ಬಿಚ್ಚಂಗಿಲ್ಲ, ಯಾವ ತಾಟಿಗೆ ಹೋದ್ರೂ ಇಡೀ ಪೊಟ್ಟಣನ ಹೋಗಬೇಕು. ತಾಟಿನ್ಯಾಗಿನ ಬೀಜ ಗುಣಿಸಬೇಕು, ಖಾಲಿ ತಾಟು ಅಂದ್ರ 1. ಎರಡೂ ಒಂದ ತಾಟಿಗೆ ಬಿದ್ರ 1, 36. ಒಂದೊಂದು ಬಿದ್ರ 4, 9. ಮುಗೀತು, 12ರಿಂದ ಗುಣಿಸಿದ್ರ 12, 432 ಇಲ್ಲಾ 48, 108. ಮೂರು ಪೊಟ್ಟಣ ಆದ್ರ 4 ಜೋಡಿ, ನಾಕು ಆದ್ರ 8, ಇದನ್ನ ನಾ ಹೇಳಿಲ್ಲ, ಹುಡುಗ್ರ ತಾಟು ನೋಡಿ ಹೇಳಿದ್ರು.

ಬಾಜೂ ಕ್ಲಾಸಿನ ಸರ್ ಒಬ್ರು 'ಕಡ್ಲಿ ಶೇಂಗಾ ಹಿಡದು ಎಫ್‌ಡಿಎ ಪಾಸ್ ಮಾಡಸ್ತೀರೇನ್ರಿ' ಅಂದಿದ್ರು. ಕಾಳಿಗೆ ಖರ್ಚಾಗಿದ್ದು ನೂರಾ ಎಂಬತ್ತು ರೂಪಾಯಿ, ತಾಟು ಮನೀವು. ಮೊದ್ಲ 40 ಮಂದ್ಯಾಗ ಹತ್ತು ಹನ್ನೆರಡು ಮಂದಿ ಸರಿ ಮಾಡ್ತಿದ್ರು, ಆ ಬ್ಯಾಚ್‌ನ್ಯಾಗ 33ರ ಮ್ಯಾಲ ಆತು. ಈಗ ಅದ ಸರ್ ತಮ್ಮ ಹುಡುಗ್ರನ್ನ ಈ ಒಂದು ಪಾಠಕ್ಕ ನನ್ನ ಕಡೆ ಕಳಸ್ತಾರ.

ಮೊತ್ತ ಕೊಟ್ಟು ಮಸಾಅ ಮುಚ್ಚಿಟ್ಟಿದ್ರೂ ಹೆದರಬ್ಯಾಡ್ರಿ. ಮೊತ್ತ 132, ಲಸಾಅ 360 ಅಂದ್ರ ಈ ಎರಡರ ಮಸಾಅ ತಗೀರಿ, 12 ಬರ್ತೈತಿ, ನಿಮಗ ಬೇಕಾದ ಮಸಾಅನೂ ಅದ. 132ರಾಗ 12 ಹನ್ನೊಂದು ಸಲ, 360ರಾಗ ಮೂವತ್ತು ಸಲ, 30ರ ಜೋಡ್ಯಾಗ ಕೂಡಿದ್ರ 11 ಬರೋದು 5, 6. ಉತ್ತರ 60, 72. ಜೋಡಿ ಬರೀದ ಯಾವ ಪೊಟ್ಟಣ ಯಾವ ತಾಟಿಗೆ ಅಂತ ಮೊತ್ತ ನೋಡಿದ ಕೂಡ್ಲೆ ಹೇಳೋದು ಒಂದೈತಿ, ಅದು ಬ್ಯಾಚ್‌ನ್ಯಾಗ ಕುಂತವ್ರಿಗೆ ಅಷ್ಟ.

ಮೂರು ಸಂಖ್ಯೆಗೆ ನಡೀತೈತೇನು ಅಂತ ಹುಬ್ಬಳ್ಳಿಗೆ ಹೋಗೋ ಚಿಗರಿ ಬಸ್‌ನ್ಯಾಗ ಟಿಕೆಟ್ ಹಿಂದ ಬರದು ನೋಡಿದೆ. ಮಸಾಅ 2, ಲಸಾಅ 12, ತಾಟು ಮೂರು. ಭಾಗಿಸಿದ್ರ 6, ಅಂದ್ರ ಬೀಜ 2, 3 ಎರಡು ಜಾತಿ. ಒಂದೊಂದು ಜಾತಿ ಬೀಜ ಒಂದು ತಾಟಿನ್ಯಾಗರ ಎರಡರಾಗರ ಇರಬೇಕು, ಮೂರರಾಗೂ ಇರಬಾರದು. ಎಂಟು ಗುಂಪು ಸಿಕ್ವು. ಎರಡು ಸಂಖ್ಯೆಯ ಗುಣಲಬ್ಧ ಅಂದ್ರ ಮಸಾಅ × ಲಸಾಅ ಅನ್ನೋ ಸೂತ್ರ ಇಲ್ಲಿ ಹಾಕಬ್ಯಾಡ್ರಿ ಮತ್ತ, 2, 4, 6 ಗುಣಿಸಿದ್ರ 48, ಮಸಾಅ ಲಸಾಅ ಗುಣಿಸಿದ್ರ 24. ಆದ್ರ ಒಂದ ಜಾತಿ ಬೀಜ ಎರಡಿದ್ದು, ಒಂದು ತಾಟಿನ್ಯಾಗ ಎರಡೂ, ಇನ್ನೊಂದರಾಗ ಒಂದೂ ಇಲ್ಲ ಅಂದ್ರ, ನಡುವಿನ ತಾಟಿಗೆ ಪೊಟ್ಟಣ ಬಿಚ್ಚಿ ಒಂದ ಬೀಜ ಹಾಕಿದ್ರೂ ಸರಿ ಬರ್ತೈತಿ, ನನ್ನ ನಿಯಮ ಅಲ್ಲಿ ಮುರೀತು. ಅದಕ್ಕ ಬ್ಯಾರೆ ತಾಟಿನ ಆಟ ಕಟ್ಟಾಕತ್ತೀನಿ.