ಟಿಕೆಟ್‌ನಲ್ಲಿ ಎರಡೂವರೆ ಗಂಟೆ, ಆಕಾಶದಲ್ಲಿ ಹದಿನಾರು

ಒಂದು ಜನವರಿಯಲ್ಲಿ ನಮ್ಮ ದೊಡ್ಡಮ್ಮ ಸ್ಯಾನ್ ಫ್ರಾನ್ಸಿಸ್ಕೋಗೆ, ಮಗನ ಮನೆಗೆ ಹೊರಟಿದ್ದರು. ಬೆಂಗಳೂರು ಬಿಡುವುದು ಮಧ್ಯಾಹ್ನ 2.30, ಇಳಿಯುವುದು ಅದೇ ದಿನ ಸಂಜೆ 5.00. ಟಿಕೆಟ್ ನೋಡಿ, ‘ಎರಡೂವರೆ ಗಂಟೆ ತಾನೇ? ಶಿವಮೊಗ್ಗಕ್ಕೆ ಹೋಗೋಕೇ ಇದಕ್ಕಿಂತ ಜಾಸ್ತಿ ಬೇಕು’ ಎಂದರು!

ನಿಜವಾದ ಲೆಕ್ಕಕ್ಕೆ ಬೇಕಾಗಿರುವುದು ಒಂದು ಗ್ಲೋಬ್, ಒಂದು ದಾರ, ಒಂದು ಸ್ಕೇಲ್.

ಮೊದಲು ದಾರವನ್ನು ಭೂಮಧ್ಯರೇಖೆಗೆ ಸುತ್ತಿ ಅಳೆಯಿರಿ. 30 ಸೆಂ.ಮೀ. ಅಗಲದ ಗ್ಲೋಬ್ ಆದರೆ ಸುಮಾರು 94 ಸೆಂ.ಮೀ. ಬರುತ್ತದೆ. ಅದು 40,000 ಕಿ.ಮೀ.ಗೆ ಸಮ. ಈಗ ದಾರದ ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಮಧ್ಯದಲ್ಲಿ ಹೋಗುವುದಿಲ್ಲ. ಟಿಬೆಟ್, ಮಂಗೋಲಿಯಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಅಂಚು ಮುಟ್ಟಿ, ಅಲಾಸ್ಕಾ ಮೇಲಿಂದ ಇಳಿಯುತ್ತದೆ! ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಅಲ್ವಾ? ಅಳತೆ ಸುಮಾರು 33 ಸೆಂ.ಮೀ., ಅಂದರೆ 14,000 ಕಿ.ಮೀ.

ಇದನ್ನು ಗಂಟೆಗೆ 900 ಕಿ.ಮೀ. ವೇಗದಿಂದ ಭಾಗಿಸಿ. ಹದಿನೈದೂವರೆ ಗಂಟೆ. ಏರಲು, ಇಳಿಯಲು ಅರ್ಧ ಗಂಟೆ ಸೇರಿಸಿ. ಒಟ್ಟು 16.

ಆದರೆ ವಿಮಾನ ದಾರದ ಮೇಲೇ ಹೋಗುವುದಿಲ್ಲ. ಒಳಗಿನ ಗಾಳಿಯ ಒತ್ತಡ ಕೈಕೊಟ್ಟರೆ, ಪ್ರಯಾಣಿಕರು ಉಸಿರಾಡಲು ಅದು ಬೇಗ 10,000 ಅಡಿಗೆ ಇಳಿಯಬೇಕು. ಟಿಬೆಟ್‌ನ ನೆಲವೇ ಅದಕ್ಕಿಂತ ಎತ್ತರ. ಹಾಗಾಗಿ ವಿಮಾನಗಳು ಟಿಬೆಟ್ ಬಿಟ್ಟು ಸುತ್ತಿ ಹೋಗುತ್ತವೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಮೊದಲ ನೇರ ವಿಮಾನ ತಂದದ್ದು ಉತ್ತರ ಧ್ರುವದ ಮೇಲಿಂದ.

ಇನ್ನು ಗಡಿಯಾರ. ಚಳಿಗಾಲದಲ್ಲಿ ನಾವು ಸ್ಯಾನ್ ಫ್ರಾನ್ಸಿಸ್ಕೋಗಿಂತ ಹದಿಮೂರೂವರೆ ಗಂಟೆ ಮುಂದೆ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಹನ್ನೆರಡೂವರೆ. ಎಲ್ಲವನ್ನೂ ಮೊದಲು ನಮ್ಮ ಸಮಯಕ್ಕೆ ತಂದು ಆಮೇಲೆ ಕಳೆಯಿರಿ. ಅಲ್ಲಿನ ಸಂಜೆ 5 ಅಂದರೆ ಇಲ್ಲಿ ಮರುದಿನ ಬೆಳಿಗ್ಗೆ 6.30. ಅದರಿಂದ ಮಧ್ಯಾಹ್ನ 2.30 ಕಳೆದರೆ 16 ಗಂಟೆ.

ದೊಡ್ಡಮ್ಮನ ವಾಪಸ್ ಟಿಕೆಟ್ ಫೆಬ್ರುವರಿಯದು. ಶನಿವಾರ ರಾತ್ರಿ 8.30ಕ್ಕೆ ಹೊರಟು ಸೋಮವಾರ ಬೆಳಗಿನ ಜಾವ 3.45ಕ್ಕೆ ಬೆಂಗಳೂರು. ಹೊರಟಾಗ ನಮ್ಮಲ್ಲಿ ಭಾನುವಾರ ಬೆಳಿಗ್ಗೆ 10. ಹಾಗಾದರೆ ಪ್ರಯಾಣ 17 ಮುಕ್ಕಾಲು ಗಂಟೆ. ಹೋಗುವಾಗ ಪಶ್ಚಿಮದಿಂದ ಬೀಸುವ ಮೇಲಿನ ಗಾಳಿ ವಿಮಾನವನ್ನು ಬೆನ್ನಿಗೆ ನಿಂತು ತಳ್ಳುತ್ತದೆ, ಬರುವಾಗ ಆ ಸಹಾಯ ಇರುವುದಿಲ್ಲ.

ದೊಡ್ಡಪ್ಪ ಮಾತ್ರ ‘ಶನಿವಾರ ಹೊರಟರೆ ಭಾನುವಾರ ಬರ್ತಾಳೆ’ ಎಂದು ಒಂದು ದಿನ ಮೊದಲೇ ಟ್ಯಾಕ್ಸಿ ಹೇಳಿಬಿಟ್ಟಿದ್ದರು. ಸುಮ್ನೆ ನಾನೇ ಫೋನ್ ಮಾಡಿ ಬದಲಾಯಿಸಿದೆ.