ಸುಗ್ಗಿ ಹಬ್ಬದ ಹರಾಜಿನ ದುಡ್ಡು ಮಾರ್ಕೆಟ್ಟಿಗೆ ಹೋದ ಕಥೆ

"ಬೀದಿ ವ್ಯಾಪಾರದವರಿಗೆ ಸಾಲ ಕೊಟ್ಟರೆ ಒಂದು ರೂಪಾಯಿನೂ ವಾಪಸ್ ಬರಲ್ಲ" ಅಂತ ನಮ್ಮ ಚರ್ಚ್ ಕಮಿಟಿಯಲ್ಲಿ ಮೇಜು ಕುಟ್ಟಿದವರು ಈಗ ಬೇರೆ ಊರಿನ ಚರ್ಚಿನವರ ಮುಂದೆ ಇದು ತಮ್ಮದೇ ಐಡಿಯಾ ಅಂತಿದ್ದಾರೆ. ಇರಲಿ ಬಿಡಿ. ಅಕ್ಕಪಕ್ಕದ ಊರಿನ ಚರ್ಚ್ ಖಜಾಂಚಿಗಳು ಬೀದಿ ವ್ಯಾಪಾರದವರಿಗೆ ಬಡ್ಡಿಯಿಲ್ಲದ ಸಾಲ ಹೇಗೆ ಕೊಟ್ರಿ ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಬರೆಯುತ್ತಿದ್ದೇನೆ.

ದಾವಣಗೆರೆಯಲ್ಲಿ ನಮ್ಮದು ಚಿಕ್ಕ ಕ್ರೈಸ್ತ ಸಭೆ. ಭಾನುವಾರ ನೂರೈವತ್ತು ಜನ ಸೇರಿದರೆ ಜಾಸ್ತಿ. ಕಮಿಟಿಯಲ್ಲಿ ಹೆಚ್ಚುಕಡಿಮೆ ಅರ್ಧ ಹೆಂಗಸರು, ಆರಾಧನೆಯಲ್ಲಿ ಪ್ರಸಂಗವನ್ನೂ (ಉಪದೇಶ) ಮಾಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಎಲ್ಲರಂತೆ ನಾವೂ ದಿನಸಿ ಕಿಟ್ ಹಂಚಿದೆವು. ಒಂದು ಕಿಟ್ಟಿಗೆ ಏಳುನೂರರ ಹತ್ತಿರ ಬಿತ್ತು. ಹದಿನೈದು ದಿನಕ್ಕೆ ಖಾಲಿ, ಮತ್ತೆ ಅದೇ ಜನ ಸಾಲಲ್ಲಿ. ಗಡಿಯಾರ ಕಂಬದ ಹತ್ತಿರ ಸೊಪ್ಪು ಮಾರುವ ಒಬ್ಬ ಅಜ್ಜಿ ನೇರವಾಗಿ ಹೇಳಿದಳು: "ಅಕ್ಕಿ ರೇಷನ್ನಲ್ಲಿ ಬರ್ತದೆ. ಮೀಟರ್ ಬಡ್ಡಿ ಬಿಡಿಸ್ರಿ."

ಲೆಕ್ಕ ಹಾಕಿದೆ. ಮೀಟರ್ ಬಡ್ಡಿ ಅಂದರೆ ದಿನದ ಲೆಕ್ಕದ ಸಾಲ: ನಸುಕಿನಲ್ಲಿ ಕೈಗೆ 900, ಸಂಜೆ 1000 ವಾಪಸ್. ತಿಂಗಳಿಗೆ 25 ದಿನ ವ್ಯಾಪಾರ ಅಂದರೂ 2,500 ಬಡ್ಡಿ. ವರ್ಷಕ್ಕೆ 30 ಸಾವಿರ. ಅಸಲು ಬರೀ 900! ಈ ಕಾಗದವನ್ನೇ ಕಮಿಟಿ ಮುಂದಿಟ್ಟೆ. ಐದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

ಬಂಡವಾಳ ಸುಗ್ಗಿ ಹಬ್ಬದ ಹರಾಜಿನದು, ಸಭೆಯವರು ಕಾಣಿಕೆಯಾಗಿ ತಂದ ಬೆಳೆ, ತರಕಾರಿಯನ್ನು ಚರ್ಚಿಗಾಗಿ ಕೂಗುವ ಹರಾಜು. ಮೊದಲ ವರ್ಷ ಸುಮಾರು 60 ಸಾವಿರ ಸಿಕ್ಕಿತು. ಒಂದು ಕುಂಬಳಕಾಯಿ ನಾಲ್ಕು ಸಾವಿರಕ್ಕೆ ಹೋಯಿತು. ಕೂಗು ಏರಿಸೋಕೆ ಬೀಗರಿಬ್ಬರನ್ನು ಎದುರುಬದುರು ಕೂರಿಸೋದು ಎಲ್ಲರಿಗೂ ಗೊತ್ತು. ಅದಕ್ಕಿಂತ ಒಳ್ಳೆ ಉಪಾಯ ಒಂದಿದೆ. ಅದನ್ನು ಇಲ್ಲಿ ಹೇಳಲ್ಲ, ಮುಂದಿನ ವರ್ಷ ನಮ್ಮವರೇ ಓದಿಕೊಂಡು ಬರುತ್ತಾರೆ.

ಶುರುವಿನಲ್ಲಿ ಮೂರು ಪೆಟ್ಟು ಬಿದ್ದವು. "ಮೊದಲು ಸಭೆಯವರಿಗೆ" ಅಂತ ಹಿರಿಯರು ಹಠ ಹಿಡಿದರು. ಹದಿನೈದು ಸಾವಿರದಷ್ಟು ಅಲ್ಲೇ ಮುಳುಗಿತು. ಚರ್ಚಿನ ದುಡ್ಡು ಅಂದರೆ ನಮ್ಮ ಜನಕ್ಕೆ ಸಾಲ ಅನ್ನಿಸಲ್ಲ, ಕಾಣಿಕೆ ಉಲ್ಟಾ ಬಂತು ಅಂದುಕೊಳ್ಳುತ್ತಾರೆ. ಕೇಳೋಕೆ ಹೋದರೆ ಮುಂದಿನ ಭಾನುವಾರ ಆರಾಧನೆಗೇ ಬರಲ್ಲ. ಆಮೇಲೆ ಐದು ಜನರ ಗುಂಪು, ಒಬ್ಬರಿಗೊಬ್ಬರು ಜಾಮೀನು. ಇದು ಇನ್ನೂ ಕೆಟ್ಟದ್ದಾಯಿತು. ಆ ಹೆಂಗಸರು ಮೈಕ್ರೋಫೈನಾನ್ಸ್ ಗುಂಪುಗಳಲ್ಲಿ ಜಗಳ ಕಂಡು ಕಂಡು ಸಾಕಾದವರು. ಗುಂಪು ಅನ್ನುವ ಮಾತಿಗೇ ಎದ್ದು ಹೋದರು. ತಿಂಗಳ ಕಂತು ಕೂಡ ನಡೆಯಲಿಲ್ಲ. ದಿನಾ ಕೈಯಲ್ಲಿ ಕಾಸು ಓಡಾಡುವವರ ಹತ್ತಿರ ತಿಂಗಳ ಕೊನೆಗೆ ಒಟ್ಟಿಗೆ ಸಾವಿರ ಎಲ್ಲಿಂದ ಬರಬೇಕು?

ಕೊನೆಗೆ ನಿಂತದ್ದು ಇದು. ಮೊದಲ ಸಾಲ 2,000. ಬಡ್ಡಿ ಇಲ್ಲ, ಜಾಮೀನು ಇಲ್ಲ. ವ್ಯಾಪಾರದ ದಿನ 50 ರೂಪಾಯಿ, ನಲವತ್ತು ದಿನಕ್ಕೆ ಚುಕ್ತಾ. ತೀರಿಸಿದ ಮಾರನೇ ದಿನವೇ 4,000. ಮಾರನೇ ದಿನವೇ, ಮೀಟಿಂಗ್ ಆಗಲಿ ಅನ್ನೋ ಹಾಗಿಲ್ಲ. ಕಾಯಿಲೆ, ಸಾವು, ಜೋರು ಮಳೆ ಇದ್ದರೆ ಆ ದಿನ ರಜೆ. ವಸೂಲಿಗೆ ನಾವು ಯಾರೂ ಹೋಗಲ್ಲ. ನಿಂಬೆಹಣ್ಣು ಮಾರುವ ಒಬ್ಬಾಕೆಯೇ ಬರೆದುಕೊಳ್ಳುತ್ತಾಳೆ. ಯಾವ ಹೊತ್ತಿಗೆ ಕೇಳಬೇಕು, ಯಾರನ್ನು ಮೊದಲು ಕೇಳಬೇಕು ಅನ್ನೋದು ಅವಳ ಕೈಗುಣ. ಆಕೆಯನ್ನು ಹೇಗೆ ಆರಿಸಿದೆವು ಅನ್ನೋದು ಮಾತ್ರ ನನ್ನಲ್ಲೇ ಇರಲಿ. ಈಗ ನೂರಕ್ಕೆ ತೊಂಬತ್ತರ ಮೇಲೆ ವಾಪಸ್ ಬರುತ್ತಿದೆ. ನಮ್ಮ ಸಭೆಯ ಮಾಸಿಕ ವಂತಿಗೆಯೂ ಇಷ್ಟು ಸರಿಯಾಗಿ ಬರಲ್ಲ.

ಕಾನೂನಿನ ಭಯ ದುಡ್ಡಿನ ಭಯಕ್ಕಿಂತ ದೊಡ್ಡದಿತ್ತು. ಆಮಿಷ ತೋರಿಸಿ ಮತಾಂತರ ಮಾಡಿಸೋದನ್ನು ತಡೆಯುವ 2022ರ ಕಾಯ್ದೆಯಲ್ಲಿ ಆಮಿಷ ಅಂದರೆ ಉಡುಗೊರೆ, ದುಡ್ಡು, ಉದ್ಯೋಗ, ಉಚಿತ ಶಿಕ್ಷಣ ಎಲ್ಲ ಬರುತ್ತದೆ. ಚರ್ಚು ಸಾಲ ಕೊಡುತ್ತೆ ಅಂದರೆ ಸಾಕಲ್ವಾ? ಅದಕ್ಕೇ ಚರ್ಚಿನ ಕಾಂಪೌಂಡಿನೊಳಗೆ ಒಂದು ನೋಟೂ ಕೈ ಬದಲಾಗುವುದಿಲ್ಲ. ಹಣ ಮಹಿಳಾ ಸಂಘದ ಖಾತೆಯಲ್ಲಿದೆ. ಸಾಲ ಕೊಡುವ ಸಮಿತಿಯಲ್ಲಿ ನಮ್ಮವರು ಅರ್ಧ. ಉಳಿದ ಅರ್ಧದಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಲಿಂಗಾಯತರು, ಮಂಡಕ್ಕಿ ಭಟ್ಟಿ ಕಡೆಯ ಒಬ್ಬ ಮುಸ್ಲಿಂ ಸಾಹೇಬರು, ದಲಿತ ಸಂಘದ ಒಬ್ಬ ಹೆಣ್ಣುಮಗಳು. ಪ್ರಾರ್ಥನೆ ಇಲ್ಲ, ಕರಪತ್ರ ಇಲ್ಲ. ರಿಜಿಸ್ಟರನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಒಮ್ಮೆ ನಾಲ್ಕು ಹುಡುಗರು ನೋಡೋಕೆ ಬಂದರು ಕೂಡ. ಮೇಷ್ಟ್ರು ಚಹಾ ಕುಡಿಸಿ ಕಳಿಸಿದರು. ಆಡಿಟರ್ ಕೇಳುವ ಮೊದಲ ಪ್ರಶ್ನೆ ವಿದೇಶಿ ಹಣದ್ದು. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಖಾತೆಯ ಒಂದು ಪೈಸೆಯನ್ನೂ ಇದಕ್ಕೆ ಸೇರಿಸಬೇಡಿ. ಬಡ್ಡಿಯೂ ಬೇಡ. ತೆಗೆದುಕೊಂಡರೆ ಲೇವಾದೇವಿ ಲೈಸೆನ್ಸಿನ ತಲೆನೋವು ಶುರು.

ಜೋರು ಗಲಾಟೆ ಆದದ್ದು ಬೇರೆ ವಿಷಯಕ್ಕೆ. ಮಂಗಳಮುಖಿ ಒಬ್ಬರು ಚಹಾ ಗಾಡಿಗೆ ಸಾಲ ಕೇಳಿದರು. ಕಮಿಟಿಯ ಇಬ್ಬರು ರಾಜೀನಾಮೆ ಬರೆದುಕೊಟ್ಟರು. ನಮ್ಮ ಅಯ್ಯನವರು, ಅಂದರೆ ಪಾದ್ರಿಗಳು, ಬೈಬಲ್ಲಿನ ಒಳ್ಳೆಯ ಸಮಾರ್ಯದವನ (ಜಾತಿ ನೋಡದೆ ಪರರಿಗೆ ನೆರವಾದವನ) ಕಥೆ ಹೇಳಬಹುದಿತ್ತು, ಹೇಳಲಿಲ್ಲ. ಸುಮ್ನೆ ಆ ಗಾಡಿಗೆ ಹೋಗಿ ದಿನಾ ಚಹಾ ಕುಡಿಯತೊಡಗಿದರು. ರಾಜೀನಾಮೆಯಲ್ಲಿ ಒಂದು ವಾಪಸ್ ಬಂತು. ಇನ್ನೊಂದು ಫೈಲಿನಲ್ಲಿದೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ತಳ್ಳುಗಾಡಿಗೆ ದಿನಕ್ಕೆ ಐವತ್ತು ಅರವತ್ತು ಬಾಡಿಗೆ ಕೊಡುತ್ತಿದ್ದರು. ಹಳೇ ಗಾಡಿ ಎರಡು ಕೊಂಡು ಇಪ್ಪತ್ತಕ್ಕೆ ಬಿಟ್ಟೆವು. ರಿಪೇರಿಗೇ ಆ ದುಡ್ಡು ಹೋಯಿತು. ಕೊನೆಗೆ ಗಾಡಿಗಳನ್ನು ಓಡಿಸುವವರಿಗೇ ಕಂತಿನಲ್ಲಿ ಮಾರಿದೆವು, ಮಾರಿದ ಮೇಲೆ ಗಾಲಿ ಮುರಿಯೋದು ನಿಂತಿತು! ಎಲೆಕ್ಟ್ರಾನಿಕ್ ತಕ್ಕಡಿಯನ್ನೂ ಕಂತಿನಲ್ಲಿ ಕೊಟ್ಟೆವು. ಅದಕ್ಕೆ ವರ್ಷಕ್ಕೊಮ್ಮೆ ತೂಕ ಸರಿ ಇದೆ ಅನ್ನೋ ಸರ್ಕಾರಿ ಮುದ್ರೆ ಹಾಕಿಸಬೇಕು. ಯುವಕರ ಸಂಘದ ಹುಡುಗರು ಎಲ್ಲವನ್ನೂ ಒಟ್ಟಿಗೆ ಹೊತ್ತೊಯ್ದು ಹಾಕಿಸಿಕೊಂಡು ಬರುತ್ತಾರೆ.

ನಿಜವಾದ ಲಾಭ ಬಂದದ್ದು ಪಿಎಂ ಸ್ವನಿಧಿಯಿಂದ, ಬೀದಿ ವ್ಯಾಪಾರಿಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ. ಮೊದಲ ಸಾಲ ಆಗ 10 ಸಾವಿರ, ತೀರಿಸಿದರೆ 20, ಆಮೇಲೆ 50. ಸರಿಯಾಗಿ ಕಟ್ಟಿದವರಿಗೆ 7 ಶೇಕಡ ಬಡ್ಡಿ ಸಹಾಯಧನ. ಪಾಲಿಕೆಯ ಗುರುತಿನ ಚೀಟಿ ಅಥವಾ ಶಿಫಾರಸು ಪತ್ರ ಇದ್ದರೆ ಅರ್ಜಿ ಹಾಕಬಹುದು. ಆದರೆ ಒಂದು ಬ್ಯಾಂಕ್ ಶಾಖೆಯವರು ನಾಳೆ ಬಾ, ನಾಡಿದ್ದು ಬಾ ಅಂತ ತಿಂಗಳುಗಟ್ಟಲೆ ಓಡಾಡಿಸಿದರು. ನಮ್ಮ ಸಾಲದ ಪಾಸ್‌ಬುಕ್ಕನ್ನು, ನಲವತ್ತು ದಿನದ ಕಂತಿಗೆ ನಲವತ್ತು ಸಹಿಗಳಿರುವ ಆ ಪುಟವನ್ನು, ಅರ್ಜಿ ಜೊತೆ ಇಟ್ಟು ನಾನೇ ಹೋಗಿ ಕೂತೆ. ಅದೇ ಮ್ಯಾನೇಜರ್ ಆಮೇಲೆ ಅವರಾಗಿಯೇ "ನಿಮ್ಮ ಪಟ್ಟಿ ಕೊಡಿ" ಅಂದರು. ಮೂವತ್ತು ನಲವತ್ತು ಜನ ಹೀಗೆ ನಮ್ಮನ್ನು ಬಿಟ್ಟು ಬ್ಯಾಂಕಿಗೆ ಹೋಗಿದ್ದಾರೆ. ಹೋಗಲಿ ಅಂತಲೇ ಇದನ್ನು ಮಾಡಿದ್ದು.

2025ರ ಫೆಬ್ರವರಿಯಲ್ಲಿ ಕಿರುಸಾಲದ ಕಿರುಕುಳ ತಡೆಯೋಕೆ ಸುಗ್ರೀವಾಜ್ಞೆ ಬಂತು. ಮೀಟರಿನವರು ಕೊಡೋದನ್ನೇ ನಿಲ್ಲಿಸಿದರು. ಜನ ನಮ್ಮ ಕಡೆ ನುಗ್ಗಿದರು. ಎರಡೇ ವಾರದಲ್ಲಿ ಖಾತೆ ಬರಿದಾಯಿತು. ಮಹಿಳಾ ಸಂಘದವರು ಕ್ರಿಸ್‌ಮಸ್ ಕೇಕಿನ ಲಾಭ ತಂದು ಹಾಕಿ ಉಳಿಸಿದರು.

ಈಗ ಓಡಾಡುತ್ತಿರುವುದು ಎರಡೂವರೆ ಲಕ್ಷದ ಆಸುಪಾಸು. ನೂರಕ್ಕೆ ಒಂದು ರೂಪಾಯಿ "ಸೇವಾ ಶುಲ್ಕ" ಹಾಕೋಣ ಅಂತ ಕಮಿಟಿಯಲ್ಲಿ ಹೊಸ ರಾಗ ಎದ್ದಿದೆ. ನಾನು ಖಜಾಂಚಿ ಆಗಿರುವವರೆಗೆ ಆಗಲ್ಲ ಅಂದಿದ್ದೇನೆ. ಕಮಿಟಿ ಚುನಾವಣೆ ಬರುವ ತಿಂಗಳು.