ಡಿಸರ್ಟೇಶನ್ ಪೇಪರ್ ಆಗುವವರೆಗೆ: ಮೆಡಿಕಲ್ ಜರ್ನಲ್‌ಗೆ ಕಳಿಸಿದ ನನ್ನ ಅನುಭವ

ನಾನು ಕಮ್ಯುನಿಟಿ ಮೆಡಿಸಿನ್ ಡಾಕ್ಟರ್. ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಎಂಡಿ ಓದುವಾಗ ಎಲ್ಲರಂತೆ ನಾನೂ ಡಿಸರ್ಟೇಶನ್, ಅಂದರೆ ಪದವಿಗೆ ಬೇಕಾದ ಸಂಶೋಧನಾ ಪ್ರಬಂಧ ಮಾಡಿದ್ದೆ. ಕಾಲೇಜಿನ ಫೀಲ್ಡ್ ಏರಿಯಾದ ಹಳ್ಳಿಗಳಲ್ಲಿ ಬಿಪಿ ಇರುವವರು ಮಾತ್ರೆ ತಪ್ಪದೆ ನುಂಗುತ್ತಾರಾ, ಅವರ ಬಿಪಿ ಹತೋಟಿಯಲ್ಲಿದೆಯಾ ಅನ್ನುವುದು ನನ್ನ ವಿಷಯ. ಪರೀಕ್ಷೆ ಮುಗಿದ ಮೇಲೆ ಆ ದಪ್ಪ ಪುಸ್ತಕ ಲೈಬ್ರರಿ ಕಪಾಟು ಸೇರುತ್ತದೆ, ಮತ್ತೆ ಯಾರೂ ಅದನ್ನು ಮುಟ್ಟುವುದಿಲ್ಲ. ಹೊಲದ ಕೆಲಸ, ಕೂಲಿ ಕೆಲಸ ಬಿಟ್ಟು ಅಷ್ಟು ಜನ ಜಗಲಿ ಮೇಲೆ ಕೂತು ನನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟಿದ್ದರು. ಅವರು ಹೇಳಿದ್ದು ಕಪಾಟಿನಲ್ಲೇ ಉಳಿಯಬಾರದು ಅನ್ನಿಸಿತು. ಹಾಗಾಗಿ ಅದನ್ನು ಜರ್ನಲ್‌ಗೆ ಕಳಿಸುವ ಪೇಪರ್ ಮಾಡಲು ಕೂತೆ. ಈಗ ನಮ್ಮ ಪಿಜಿ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಿರುತ್ತಾರೆ, ಅದಕ್ಕೆ ನಾನು ಮಾಡಿದ್ದನ್ನು ಮಾಡಿದ ಹಾಗೇ ಬರೆಯುತ್ತಿದ್ದೇನೆ.

ಶುರುವಿನಿಂದ ಕೊನೆವರೆಗೆ ನಾನು ಒಂದೇ ಪ್ರಶ್ನೆ ಹಿಡಿದುಕೊಂಡಿದ್ದೆ. ನನ್ನನ್ನು ನೋಡದ, ನಮ್ಮ ಹಳ್ಳಿಗಳನ್ನು ನೋಡದ ಒಬ್ಬ ಡಾಕ್ಟರ್ ಇದನ್ನು ಓದಿ, ನಂಬಬೇಕಾ ಬೇಡವಾ ಅಂತ ತಾನೇ ತೀರ್ಮಾನಿಸಲು ಏನೇನು ತಿಳಿಯಬೇಕು? ಜರ್ನಲ್‌ನವರು ಕೇಳುವ ನೂರೆಂಟು ಫಾರಂ, ಚೆಕ್‌ಲಿಸ್ಟ್, ಸಹಿ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಇದು ಮನಸ್ಸಿಗೆ ಬಂದರೆ ಅವು ಕಾಟ ಅನ್ನಿಸುವುದಿಲ್ಲ.

ಮೊದಲು ಬರೆಯಲಿಲ್ಲ, ಕತ್ತರಿಸಿದೆ. ಡಿಸರ್ಟೇಶನ್‌ನಲ್ಲಿ ನೂರಕ್ಕೂ ಹೆಚ್ಚು ಪುಟ, ಪುಟಕ್ಕೊಂದು ಟೇಬಲ್, ಟೇಬಲ್‌ಗೊಂದು ಬಣ್ಣದ ಚಾರ್ಟ್. ಎಷ್ಟೋ ಜರ್ನಲ್‌ಗಳಲ್ಲಿ ಮೂಲ ಸಂಶೋಧನೆಗೆ ಸಿಗುವುದು ಸುಮಾರು 3000 ಪದ, ನಾಲ್ಕೈದು ಟೇಬಲ್ ಅಥವಾ ಚಿತ್ರ. ಹಾಗಾಗಿ ಟೇಬಲ್‌ಗಳಿಂದಲೇ ಶುರು ಮಾಡಿದೆ. ಎಷ್ಟು ಜನರ ಬಿಪಿ ಹತೋಟಿಯಲ್ಲಿದೆ, ಇಲ್ಲದವರು ಯಾರು, ಮಾತ್ರೆ ಬಿಡುವುದಕ್ಕೂ ಅದಕ್ಕೂ ಏನು ಸಂಬಂಧ, ಈ ಮೂರಕ್ಕೆ ಉತ್ತರ ಕೊಡದ ಟೇಬಲ್ಲನ್ನೆಲ್ಲ ಪಕ್ಕಕ್ಕಿಟ್ಟೆ. ಮನೆಗೆ ಹೆಂಚೋ ಆರ್‌ಸಿಸಿಯೋ ಅಂತ ಒಂದು ಟೇಬಲ್ ಇತ್ತು, ಬಿಸಿಲಲ್ಲಿ ಅಲೆದು ಸೇರಿಸಿದ್ದು, ಬಿಡಲು ಮನಸ್ಸು ಬರಲಿಲ್ಲ, ಆದರೂ ಬಿಟ್ಟೆ. ಟೇಬಲ್ ನಿಂತ ಮೇಲೆ ರಿಸಲ್ಟ್ಸ್, ಆಮೇಲೆ ಮೆಥಡ್ಸ್, ಆಮೇಲೆ ಡಿಸ್ಕಷನ್. ಇಂಟ್ರೊಡಕ್ಷನ್ ಕೊನೆಗೆ ಬರೆದೆ, ಅದೂ ಮೂರೇ ಪ್ಯಾರಾ. ಬಿಪಿ ಅಂದರೇನು ಅಂತ ಜರ್ನಲ್ ಓದುವವರಿಗೆ ಹೇಳಿಕೊಡಬೇಕಿಲ್ಲ ಅಲ್ವಾ? ಈ ಪ್ರಶ್ನೆ ಯಾಕೆ ಬೇಕಿತ್ತು, ಈವರೆಗೆ ಏನು ಗೊತ್ತಿರಲಿಲ್ಲ, ನಾವೇನು ಹುಡುಕಿದೆವು, ಇಷ್ಟು ಸಾಕು.

ಮೆಥಡ್ಸ್ ಬರೆಯುವಾಗ, ಪೇಪರ್‌ನಲ್ಲಿ ಏನೇನು ಇರಬೇಕು ಅಂತ ಹೇಳುವ ಸ್ಟ್ರೋಬ್ ಚೆಕ್‌ಲಿಸ್ಟ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. 2007ರಲ್ಲಿ ಪ್ರಕಟವಾದದ್ದು, ವೀಕ್ಷಣಾ ಅಧ್ಯಯನಗಳಿಗೆ (ನಾವಾಗಿ ಚಿಕಿತ್ಸೆ ಕೊಡದೆ ಇರುವುದನ್ನು ನೋಡಿ ದಾಖಲಿಸುವ ಅಧ್ಯಯನ), ಒಟ್ಟು 22 ಅಂಶ. ಚಿಕಿತ್ಸೆಯ ಟ್ರಯಲ್ ಆದರೆ ಕನ್ಸಾರ್ಟ್, ಸಿಸ್ಟಮ್ಯಾಟಿಕ್ ರಿವ್ಯೂ (ಒಂದು ಪ್ರಶ್ನೆಯ ಮೇಲೆ ಆಗಿರುವ ಅಧ್ಯಯನಗಳನ್ನೆಲ್ಲ ಕ್ರಮವಾಗಿ ಹುಡುಕಿ ನೋಡುವುದು) ಆದರೆ ಪ್ರಿಸ್ಮಾ, ಕೇಸ್ ರಿಪೋರ್ಟ್ (ಒಬ್ಬ ರೋಗಿಯ ವರದಿ) ಆದರೆ ಕೇರ್. ಎಲ್ಲವೂ ಈಕ್ವೇಟರ್ ನೆಟ್‌ವರ್ಕ್ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ತುಂಬ ಜನ ಪೇಪರ್ ಬರೆದು ಮುಗಿಸಿ, ಸಬ್ಮಿಟ್ ಮಾಡುವ ರಾತ್ರಿ ಸುಮ್ನೆ ಪುಟ ಸಂಖ್ಯೆ ತುಂಬಿ ಲಗತ್ತಿಸುತ್ತಾರೆ. ಬರೆಯುವ ಮೊದಲು ಓದಿದರೆ ಅದರ ಉಪಯೋಗವೇ ಬೇರೆ. 13ನೇ ಅಂಶ ನೋಡಿ: ಎಷ್ಟು ಜನರನ್ನು ಸಂಪರ್ಕಿಸಿದಿರಿ, ಎಷ್ಟು ಜನ ಒಲ್ಲೆ ಅಂದರು, ಎಷ್ಟು ಜನ ಮನೆಯಲ್ಲಿ ಸಿಗಲಿಲ್ಲ, ಕೊನೆಗೆ ಲೆಕ್ಕಕ್ಕೆ ಬಂದವರು ಎಷ್ಟು. ಹಳ್ಳಿಯಲ್ಲಿ ಹಗಲು ಹೊತ್ತು ಹೋದರೆ ಮನೆಯಲ್ಲಿ ಸಿಗುವವರು ಜಾಸ್ತಿ ಹೆಂಗಸರು ಮತ್ತು ವಯಸ್ಸಾದವರು. ದುಡಿಯುವ ಗಂಡಸರು ಸಿಗುವುದೇ ಇಲ್ಲ. ಅದಕ್ಕೆ ನಾವು ಸಂಜೆಯೂ, ಭಾನುವಾರವೂ ಹೋಗಿದ್ದೆವು. ಇದು ಡಿಸರ್ಟೇಶನ್‌ನಲ್ಲಿ ಎಲ್ಲೋ ಅಡಗಿಕೊಂಡಿದ್ದ ಮಾತು. ಪೇಪರ್‌ನಲ್ಲಿ ಅದನ್ನು ಮುಂದಕ್ಕೆ ತಂದೆ. ಯಾಕಂದರೆ ಓದುವವರು ನಂಬುವುದೋ ಬಿಡುವುದೋ ಇಂಥ ಮಾತಿನ ಮೇಲೇ. ಹಾಗೇ ಬಿಪಿ ನೋಡಿದ ಕ್ರಮ: ಐದು ನಿಮಿಷ ಕೂರಿಸಿ, ಎರಡು ಸಲ ನೋಡಿ, ಸರಾಸರಿ ತೆಗೆದು, 140/90ಕ್ಕಿಂತ ಕಡಿಮೆ ಇದ್ದರೆ ಹತೋಟಿ ಅಂತ ಲೆಕ್ಕ ಹಾಕಿದ್ದು. ಒಂದು ಸಲ ಮಾತ್ರ ನೋಡಿದ ಅಧ್ಯಯನದ ಜೊತೆ ಇದನ್ನು ಹೋಲಿಸುವಾಗ ಓದುವವರಿಗೆ ಆ ವ್ಯತ್ಯಾಸ ಗೊತ್ತಿರಬೇಕು.

ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಾರಾ ಅಂತ ಅಳೆಯಲು ಮೊರಿಸ್ಕಿ ಸ್ಕೇಲ್ ಅನ್ನುವ ಪ್ರಶ್ನಾವಳಿ ಬಳಸುವವರು ಬಹಳ. ಅದಕ್ಕೆ ಲೈಸೆನ್ಸ್ ಬೇಕು. ಅನುಮತಿ ಇಲ್ಲದೆ ಬಳಸಿದ್ದಕ್ಕೆ ಪ್ರಕಟವಾದ ಪೇಪರ್ ಹಿಂದಕ್ಕೆ ಪಡೆದ ಪ್ರಸಂಗಗಳೂ ಇವೆ. ನನ್ನ ಗೈಡ್ ಸಿನಾಪ್ಸಿಸ್ (ಅಧ್ಯಯನದ ಯೋಜನೆ ಬರೆದುಕೊಡುವ) ಹಂತದಲ್ಲೇ ಇದನ್ನು ಹೇಳಿದ್ದರಿಂದ ಕಳೆದ ಏಳು ದಿನದಲ್ಲಿ ಎಷ್ಟು ದಿನ ಮಾತ್ರೆ ತಪ್ಪಿತು ಅಂತ ನೇರವಾಗಿ ಕೇಳಿ, ಮಾತ್ರೆಯ ಸ್ಟ್ರಿಪ್ ಇಸಿದು ಎಣಿಸಿದ್ದೆವು. ಯಾವುದೇ ಪ್ರಶ್ನಾವಳಿ ಎತ್ತಿಕೊಳ್ಳುವ ಮೊದಲು ಅದು ಯಾರದು, ಬಳಸಲು ಏನು ಷರತ್ತು ಅಂತ ನೋಡಿಕೊಳ್ಳಿ.

ಎಥಿಕ್ಸ್ ಕಮಿಟಿಯ ಒಪ್ಪಿಗೆ ಪತ್ರದ ಸಂಖ್ಯೆ, ದಿನಾಂಕ ಎರಡೂ ಬೇಕು. ದತ್ತಾಂಶ ಸಂಗ್ರಹ ಶುರುವಾಗುವ ಮೊದಲಿನ ದಿನಾಂಕ ಇರಬೇಕು. ಕೆಲಸ ಮುಗಿಸಿ ಆಮೇಲೆ ಒಪ್ಪಿಗೆ ಕೊಡಿ ಅಂದರೆ ಯಾವ ಕಮಿಟಿಯೂ ಕೊಡಬಾರದು. ಓದು ಬಾರದವರಿಗೆ ಒಪ್ಪಿಗೆ ಪತ್ರ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿಕೊಂಡದ್ದನ್ನೂ ಒಂದು ಸಾಲಿನಲ್ಲಿ ಬರೆದೆ. ಕ್ಲಿನಿಕಲ್ ಟ್ರಯಲ್ ಮಾಡುವವರು ಇನ್ನೊಂದು ನೆನಪಿಡಬೇಕು. ನಮ್ಮ ದೇಶದ ಟ್ರಯಲ್ ರಿಜಿಸ್ಟ್ರಿ ಸಿಟಿಆರ್‌ಐ 2007ರಲ್ಲಿ ಶುರುವಾಯಿತು. 2018ರ ಏಪ್ರಿಲ್‌ನಿಂದ ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮೊದಲೇ ಅಲ್ಲಿ ನೋಂದಾಯಿಸಬೇಕು.

ಅಂಕಿ ಬರೆಯುವ ವಿಚಾರದಲ್ಲಿ ನನಗೆ ತುಂಬ ಹಟ. ಲೆಕ್ಕ ಹಾಕುವ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್‌ನ ಹಳೆಯ ಆವೃತ್ತಿಗಳಲ್ಲಿ ಪಿ ಬೆಲೆ (ನಿಜವಾಗಿ ಸಂಬಂಧ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ) .000 ಅಂತ ಬರುತ್ತದೆ. ಅದು ಸೊನ್ನೆ ಅಲ್ಲ, 0.001ಕ್ಕಿಂತ ಕಡಿಮೆ ಅಂತ ಬರೆಯಬೇಕು. ಉಳಿದ ಕಡೆ ಸಿಗ್ನಿಫಿಕೆಂಟ್ ಅಂತ ಬರೆದು ಕೈ ತೊಳೆದುಕೊಳ್ಳುವ ಬದಲು ಪಿ ಬೆಲೆ ಎಷ್ಟು ಬಂತೋ ಅಷ್ಟನ್ನೇ ಬರೆಯಿರಿ. ಪಿ ಬೆಲೆಗಿಂತ ಮುಖ್ಯ 95% ಕಾನ್ಫಿಡೆನ್ಸ್ ಇಂಟರ್ವಲ್, ಅಂದರೆ ನಿಜವಾದ ಬೆಲೆ ಎಲ್ಲಿಂದ ಎಲ್ಲಿವರೆಗೆ ಇರಬಹುದು ಅನ್ನುವ ಅಂದಾಜು, ಅದು ಎಲ್ಲ ಕಡೆ ಇರಲಿ. ಶೇಕಡಾ ಬರೆದ ಕಡೆಯೆಲ್ಲ ಎಷ್ಟರಲ್ಲಿ ಎಷ್ಟು ಅಂತಲೂ ಇರಲಿ. ಟೇಬಲ್‌ನ ಒಟ್ಟು ಮೊತ್ತ, ಪಠ್ಯದ ಮೊತ್ತ, ಅಬ್‌ಸ್ಟ್ರಾಕ್ಟ್‌ನ (ಆರಂಭದ ಸಾರಾಂಶದ) ಮೊತ್ತ ಮೂರೂ ತಾಳೆಯಾಗಬೇಕು. ನಾನು ಪ್ರಿಂಟ್ ತೆಗೆದು ಪೆನ್ಸಿಲ್ ಹಿಡಿದು ಒಂದೊಂದೇ ಅಂಕಿಗೆ ಟಿಕ್ ಹಾಕಿದೆ. ಕಂಪ್ಯೂಟರ್ ಪರದೆ ಮೇಲೆ ಈ ಕೆಲಸ ಆಗುವುದಿಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಈಗ ಲೇಖಕರ ಪಟ್ಟಿ. ಐಸಿಎಮ್‌ಜೆಇ ಅಂತ ವೈದ್ಯಕೀಯ ಜರ್ನಲ್ ಸಂಪಾದಕರ ಅಂತಾರಾಷ್ಟ್ರೀಯ ಸಮಿತಿ ಇದೆ. 1978ರಲ್ಲಿ ವ್ಯಾಂಕೂವರ್‌ನಲ್ಲಿ ಕೆಲವು ಸಂಪಾದಕರು ಸೇರಿದ್ದರಿಂದ ಹುಟ್ಟಿದ್ದು. ನಾವು ಉಲ್ಲೇಖಗಳಿಗೆ ವ್ಯಾಂಕೂವರ್ ಶೈಲಿ ಅನ್ನುವುದೂ ಅಲ್ಲಿಂದಲೇ. ಅವರ ಪ್ರಕಾರ ಲೇಖಕರಾಗಲು ನಾಲ್ಕೂ ಆಗಿರಬೇಕು: ಅಧ್ಯಯನದ ಯೋಜನೆ, ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ನಿಜವಾದ ಪಾಲು, ಬರೆದಿರುವುದು ಅಥವಾ ತಿದ್ದಿರುವುದು, ಕೊನೆಯ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಜವಾಬ್ದಾರಿ. ನಮ್ಮ ಕಡೆ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಪ್ರಮೋಷನ್‌ಗೆ ಪೇಪರ್ ಬೇಕು, ಹಾಗಾಗಿ ನಂದೂ ಒಂದು ಹೆಸರು ಹಾಕಮ್ಮ ಅಂತ ಯಾರೋ ಹಿರಿಯರು ಕೇಳುತ್ತಾರೆ. ನನ್ನನ್ನೂ ಒಬ್ಬರು ಕೇಳಿದರು. ನಾನು ಜಗಳ ಮಾಡಲಿಲ್ಲ. ಡ್ರಾಫ್ಟ್ ಕಳಿಸಿ, "ಸರ್, ಇದನ್ನು ಓದಿ ಡಿಸ್ಕಷನ್ ತಿದ್ದಿಕೊಡಿ, ಕಾಂಟ್ರಿಬ್ಯೂಷನ್ ಫಾರಂನಲ್ಲಿ ಯಾರು ಏನು ಮಾಡಿದರು ಅಂತ ಎಲ್ಲರೂ ಸಹಿ ಹಾಕಬೇಕು" ಅಂದೆ. ಉತ್ತರ ಬರಲಿಲ್ಲ, ಹೆಸರೂ ಹೋಗಲಿಲ್ಲ. ಕಿರಿಯರಿಗೆ ಇದು ಕಷ್ಟ, ಗೊತ್ತು. ಆದರೆ ನಿಯಮವನ್ನು ಮುಂದಿಟ್ಟು ಮರ್ಯಾದೆಯಿಂದ ಕೇಳಿದರೆ ಎಷ್ಟೋ ಸಲ ದಾರಿ ಸಿಗುತ್ತದೆ.

ಮನೆ ಮನೆ ತೋರಿಸಿದ ಆಶಾ ಕಾರ್ಯಕರ್ತೆಯರ ಹೆಸರನ್ನು ಕೃತಜ್ಞತೆಯಲ್ಲಿ ಹಾಕಿದೆ. ಅದಕ್ಕೂ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆದೆ, ಹಾಗೆ ಪಡೆಯಬೇಕು ಅಂತ ಐಸಿಎಮ್‌ಜೆಇ ಶಿಫಾರಸಿನಲ್ಲೇ ಇದೆ. ಕೃತಕ ಬುದ್ಧಿಮತ್ತೆಯ ಚಾಟ್‌ಬಾಟ್ ಬಳಸಿದ್ದರೆ ಅದನ್ನು ಹೇಳಬೇಕು, ಅದನ್ನು ಲೇಖಕ ಅಂತ ಹಾಕುವಂತಿಲ್ಲ. 2023ರಲ್ಲಿ ಈ ನಿಯಮ ಸೇರಿತು.

ನಮ್ಮವರ ಹೆಸರಿನ ಗೊಂದಲವನ್ನೂ ಹೇಳಲೇಬೇಕು. ಪೇಪರ್ ಸಬ್ಮಿಟ್ ಮಾಡುವ ಪೋರ್ಟಲ್‌ನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಖಾನೆ. ನಮ್ಮಲ್ಲಿ ಅರ್ಧ ಜನಕ್ಕೆ ಮನೆತನದ ಹೆಸರೇ ಇಲ್ಲ, ಊರಿನದೊಂದು ಅಪ್ಪನದೊಂದು ಇನಿಶಿಯಲ್ ಅಷ್ಟೇ. ಲಾಸ್ಟ್ ನೇಮ್ ಖಾನೆಯಲ್ಲಿ ಇನಿಶಿಯಲ್ ಹಾಕಿದರೆ ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್‌ನಲ್ಲಿ ನೀವು ಎರಡು ಅಕ್ಷರವಾಗಿ ಉಳಿಯುತ್ತೀರಿ. ನಾನು ಕರೆಯುವ ಹೆಸರನ್ನೇ ಲಾಸ್ಟ್ ನೇಮ್ ಖಾನೆಗೆ ಹಾಕಿ, ಇನಿಶಿಯಲ್‌ಗಳನ್ನು ಫಸ್ಟ್ ನೇಮ್ ಖಾನೆಗೆ ಹಾಕಿದೆ. ಒಮ್ಮೆ ಆರಿಸಿದ ರೂಪವನ್ನು ಎಲ್ಲ ಪೇಪರ್‌ನಲ್ಲೂ ಹಾಗೇ ಇಡಿ. ಸಂಶೋಧಕರನ್ನು ಗುರುತಿಸುವ 16 ಅಂಕಿಯ ಆರ್ಕಿಡ್ ಐಡಿ ಉಚಿತ. ಮಾಡಿಸಿಕೊಂಡರೆ ಅದೇ ಹೆಸರಿನ ಬೇರೆಯವರ ಜೊತೆ ಬೆರೆತುಹೋಗುವ ಚಿಂತೆ ಇಲ್ಲ.

ಯಾವ ಜರ್ನಲ್? ನಾನು ನನ್ನ ಉಲ್ಲೇಖಗಳ ಪಟ್ಟಿ ನೋಡಿದೆ. ನಾನು ಓದಿ ಕಲಿತ ಪೇಪರ್‌ಗಳು ಎಲ್ಲಿ ಬಂದಿವೆಯೋ ನನ್ನ ಓದುಗರೂ ಅಲ್ಲೇ ಇರುತ್ತಾರೆ. ವಿದೇಶದ ದೊಡ್ಡ ಹೆಸರೇ ಬೇಕು ಅಂತ ಎಷ್ಟೋ ಜನ ವರ್ಷ ಕಳೆಯುತ್ತಾರೆ, ಆದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವಿಷಯವನ್ನು ನಮ್ಮ ದೇಶದ ಜರ್ನಲ್ ಓದುವವರೇ ಬಳಸುವುದು. ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ 1913ರಿಂದ ಬರುತ್ತಿದೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ 1957ರಲ್ಲೇ, ವರ್ಕ್ ಮತ್ತು ಟ್ರಾಪಿಡೊ ಅನ್ನುವ ವಿಜ್ಞಾನಿಗಳು ಆ ಹೊಸ ವೈರಸ್ ಕಾಯಿಲೆಯ (ನಾವು ಮಂಗನ ಕಾಯಿಲೆ ಅನ್ನುವುದು) ಮೊದಲ ವರದಿಗಳನ್ನು ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ ಪ್ರಕಟಿಸಿದ್ದರು. ಇಲ್ಲಿನ ಡಾಕ್ಟರುಗಳಿಗೆ ಬೇಗ ತಿಳಿಯಬೇಕಾದ ವಿಷಯ ಅವರು ಓದುವ ಕಡೆಯೇ ಬಂತು.

ಇನ್ನು ಮೋಸದ ಜರ್ನಲ್‌ಗಳು. ಒಂದು ಪೇಪರ್ ಬಂದರೆ ಸಾಕು, ನಿಮ್ಮನ್ನು ಹೊಗಳಿ ಹೊಗಳಿ ಇಮೇಲ್ ಬರುತ್ತದೆ, ವಾರದಲ್ಲಿ ಪ್ರಕಟಿಸುತ್ತೇವೆ, ಇಷ್ಟು ದುಡ್ಡು ಕಳಿಸಿ ಅಂತ. ಪೀರ್ ರಿವ್ಯೂ ಅಂದರೆ ಅದೇ ವಿಷಯ ಬಲ್ಲ ಬೇರೆಯವರು ಪೇಪರ್ ಓದಿ ಪರಿಶೀಲಿಸುವುದು, ಒಂದೇ ವಾರದಲ್ಲಿ ಅದು ಸರಿಯಾಗಿ ಮುಗಿಯುವುದು ಹೇಗೆ? ನಿಜವಾದ ಜರ್ನಲ್ಲಿನ ಹೆಸರಲ್ಲೇ ನಕಲಿ ವೆಬ್‌ಸೈಟ್ ಮಾಡಿದವರೂ ಇದ್ದಾರೆ. ಪಬ್‌ಮೆಡ್‌ನಲ್ಲಿ, ಉಚಿತವಾಗಿ ಓದಬಹುದಾದ ಜರ್ನಲ್‌ಗಳ ಪಟ್ಟಿಯಾದ ಡಿಓಎಜೆಯಲ್ಲಿ ಹುಡುಕಿ, ಅಲ್ಲಿಂದಲೇ ಜರ್ನಲ್‌ನ ಪುಟಕ್ಕೆ ಹೋಗಿ. ಸಂಪಾದಕ ಮಂಡಳಿಯಲ್ಲಿ ಗೊತ್ತಿರುವವರಿದ್ದರೆ ಒಂದು ಫೋನ್ ಮಾಡಿ ಕೇಳಿ. ದುಡ್ಡು ಎಷ್ಟು ಅನ್ನುವುದು ಸಬ್ಮಿಟ್ ಮಾಡುವ ಮೊದಲೇ ಅವರ ಪುಟದಲ್ಲಿ ಸ್ಪಷ್ಟವಾಗಿ ಇರಬೇಕು. ಒಂದು ಸಲಕ್ಕೆ ಒಂದೇ ಜರ್ನಲ್, ಎರಡು ಕಡೆ ಒಟ್ಟಿಗೆ ಕಳಿಸುವಂತಿಲ್ಲ.

ಆಮೇಲೆ ಫೈಲ್‌ಗಳು. ಜರ್ನಲ್‌ನ ಲೇಖಕರ ಸೂಚನೆಗಳನ್ನು ಪ್ರಿಂಟ್ ತೆಗೆದುಕೊಂಡು ಅದರ ಪ್ರಕಾರ ಮಾಡಿದೆ. ಹೆಸರು, ವಿಳಾಸ ಇರುವ ಟೈಟಲ್ ಪೇಜ್ ಬೇರೆ ಫೈಲ್, ಮುಖ್ಯ ಬರಹ ಬೇರೆ. ಬರೆದವರು ಯಾರು ಅಂತ ರಿವ್ಯೂವರ್‌ಗೆ ತಿಳಿಯಬಾರದು, ಅದಕ್ಕೆ ಮುಖ್ಯ ಬರಹದಲ್ಲಿ ನಮ್ಮ ಕಾಲೇಜಿನ ಹೆಸರು ಮೆಥಡ್ಸ್‌ನಲ್ಲೂ ಇರಬಾರದು, ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲೂ ಇರಬಾರದು. ಉಲ್ಲೇಖಗಳಿಗೆ ಜೊಟೆರೊ ಅನ್ನುವ ಸಾಫ್ಟ್‌ವೇರ್ ಬಳಸಿದೆ, ಉಚಿತ. ಜರ್ನಲ್ ಬದಲಾದರೆ ಶೈಲಿ ಒಂದೇ ಕ್ಲಿಕ್‌ನಲ್ಲಿ ಬದಲಾಗುತ್ತದೆ. ಕವರ್ ಲೆಟರ್ ಒಂದೇ ಪುಟ: ನಾವು ಕಂಡದ್ದೇನು, ಈ ಜರ್ನಲ್ ಓದುವವರಿಗೆ ಯಾಕೆ ಬೇಕು, ಬೇರೆಲ್ಲೂ ಕಳಿಸಿಲ್ಲ, ಇದು ಡಿಸರ್ಟೇಶನ್‌ನಿಂದ ಬಂದದ್ದು ಅಂತ. ಕೊನೆಯದನ್ನು ಹೇಳಿಬಿಡುವುದು ಒಳ್ಳೆಯದು, ನಕಲು ಇದೆಯಾ ಅಂತ ನೋಡುವ ಸಾಮ್ಯತೆ ಪರೀಕ್ಷೆಯಲ್ಲಿ ಡಿಸರ್ಟೇಶನ್ ಕಾಣಿಸಿಕೊಂಡಾಗ ಸಂಪಾದಕರಿಗೆ ಅನುಮಾನ ಬರುವುದಿಲ್ಲ. ಎಲ್ಲ ಅಪ್‌ಲೋಡ್ ಆದ ಮೇಲೆ ಪೋರ್ಟಲ್ ಒಂದು ಪಿಡಿಎಫ್ ಕಟ್ಟಿಕೊಡುತ್ತದೆ. ಅದನ್ನು ತೆರೆದು ಪೂರ್ತಿ ಓದಿ. ರಿವ್ಯೂವರ್ ನೋಡುವುದು ಅದನ್ನೇ.

ಮೊದಲ ಜರ್ನಲ್‌ನಿಂದ ರಿವ್ಯೂಗೂ ಹೋಗದೆ ವಾಪಸ್ ಬಂತು, ನಮ್ಮ ಓದುಗರಿಗೆ ಹೊಂದುವುದಿಲ್ಲ ಅಂತ. ಇದು ಎಲ್ಲರಿಗೂ ಆಗುವಂಥದ್ದು. ಎರಡನೆಯದಕ್ಕೆ ಕಳಿಸಿದೆ. ಅಲ್ಲಿ ಇಬ್ಬರು ರಿವ್ಯೂವರ್‌ಗಳು ನೋಡಿದರು. ಅವರಲ್ಲಿ ಒಬ್ಬರ ಪತ್ರವನ್ನು ನಾನು ಈಗಲೂ ಪಿಜಿಗಳಿಗೆ ತೋರಿಸುತ್ತೇನೆ. ಬಿಪಿ ಹತೋಟಿ ತಪ್ಪಿರುವುದು ಈ ಜನರಲ್ಲಿ ಅಪರೂಪವಲ್ಲ, ಬಹಳ ಮಂದಿಗೆ ಇದೆ. ಹೀಗಿರುವಾಗ ಆಡ್ಸ್ ರೇಶಿಯೊ (ಎರಡು ಗುಂಪುಗಳಲ್ಲಿ ಇರುವವರಿಗೂ ಇಲ್ಲದವರಿಗೂ ಇರುವ ಅನುಪಾತಗಳ ಹೋಲಿಕೆ) ಕೊಟ್ಟರೆ ಸಂಬಂಧ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಪ್ರಿವಲೆನ್ಸ್ ರೇಶಿಯೊ (ಎರಡು ಗುಂಪುಗಳ ಶೇಕಡಾವಾರಿನ ನೇರ ಹೋಲಿಕೆ) ಕೊಡಿ ಅಂದರು. ನಮ್ಮ ಸ್ಟ್ಯಾಟಿಸ್ಟಿಕ್ಸ್ ಮೇಡಂ ಜೊತೆ ಕೂತು ಅದನ್ನು ಲೆಕ್ಕ ಹಾಕುವ ವಿಧಾನವಾದ, ರೋಬಸ್ಟ್ ವೇರಿಯನ್ಸ್ ಇಟ್ಟ ಪಾಯ್ಸಾನ್ ರಿಗ್ರೆಷನ್ ಮಾಡಿದೆವು. ಸಂಖ್ಯೆಗಳು ಚಿಕ್ಕದಾದವು, ಆದರೆ ನಿಜಕ್ಕೆ ಹತ್ತಿರ ಬಂದವು. ಯಾರೋ ಗುರುತಿಲ್ಲದವರು, ಒಂದು ರೂಪಾಯಿ ಪಡೆಯದೆ, ನನ್ನ ಕೆಲಸವನ್ನು ಅಷ್ಟು ಗಮನವಿಟ್ಟು ಓದಿದ್ದರು. ನನಗೆ ತುಂಬ ಸಂತೋಷವಾಯಿತು. ಇನ್ನೊಬ್ಬರು ತಮಗೆ ಬೇಕಾದ ಒಂದಷ್ಟು ಪೇಪರ್‌ಗಳನ್ನು ಉಲ್ಲೇಖಿಸಿ ಅಂದರು. ಓದಿ ನೋಡಿದೆ, ನಮ್ಮ ವಿಷಯಕ್ಕೆ ಸಂಬಂಧವೇ ಇರಲಿಲ್ಲ. ಯಾಕೆ ಸೇರಿಸಲಿಲ್ಲ ಅಂತ ಎರಡು ಸಾಲಿನಲ್ಲಿ ವಿನಯದಿಂದ ಬರೆದೆ, ಸಂಪಾದಕರು ಒಪ್ಪಿದರು.

ಉತ್ತರ ಪತ್ರ ಬರೆಯುವ ಕ್ರಮ ಇಷ್ಟೇ. ರಿವ್ಯೂವರ್ ಹೇಳಿದ ಒಂದೊಂದು ಮಾತನ್ನೂ ಹಾಗೇ ಇಟ್ಟು, ಕೆಳಗೆ ನಮ್ಮ ಉತ್ತರ, ಅದರ ಕೆಳಗೆ ಬದಲಾದ ವಾಕ್ಯ ಮತ್ತು ಸಾಲಿನ ಸಂಖ್ಯೆ. ತಿದ್ದಿದ್ದೇವೆ ಅಂತ ಮಾತ್ರ ಬರೆದರೆ ಅವರು ಮತ್ತೆ ಹುಡುಕಬೇಕು. ಪತ್ರ ಬಂದ ದಿನವೇ ಉತ್ತರ ಬರೆಯಬೇಡಿ, ಸಿಟ್ಟು ಅಕ್ಷರದಲ್ಲಿ ಕಾಣುತ್ತದೆ.

ಒಪ್ಪಿಗೆ ಆದ ಮೇಲೆ ಪ್ರೂಫ್, ಅಂದರೆ ಅಚ್ಚಿಗೆ ಮುಂಚೆ ತಿದ್ದಲು ಕೊಡುವ ಪ್ರತಿ ಬರುತ್ತದೆ, ಎರಡು ಮೂರು ದಿನದಲ್ಲಿ ವಾಪಸ್ ಕೊಡಬೇಕು. ಹೆಸರುಗಳು, ಇನಿಶಿಯಲ್‌ಗಳು, ಟೇಬಲ್‌ನ ದಶಮಾಂಶ ಚುಕ್ಕೆಗಳು, ಇವನ್ನು ಮೊದಲು ನೋಡಿದೆ. ಟೈಪ್‌ಸೆಟ್ ಮಾಡುವಾಗ ಟೇಬಲ್‌ನ ಒಂದು ಸಾಲು ಕೆಳಕ್ಕೆ ಜಾರಿ ಗಂಡಸರ ಅಂಕಿ ಹೆಂಗಸರ ಮುಂದೆ ಬಂದಿತ್ತು, ಅದನ್ನು ಸರಿಪಡಿಸಿದರು. ಪ್ರಕಟವಾದ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೂ ಆಶಾ ಕಾರ್ಯಕರ್ತೆಯರಿಗೂ ಕೊಟ್ಟೆ. ಸಾಮಾನ್ಯವಾಗಿ ಜರ್ನಲ್‌ನವರು ಇದನ್ನು ಕೇಳುವುದಿಲ್ಲ. ಆದರೆ ಯಾವ ಹಳ್ಳಿಗಳಲ್ಲಿ ಮಾತ್ರೆ ಬಿಟ್ಟವರು ಜಾಸ್ತಿ ಅನ್ನುವುದು ಮೊದಲು ತಿಳಿಯಬೇಕಾದದ್ದು ಅವರಿಗೇ ಅಲ್ವಾ? ಈಗ ನಮ್ಮ ವಿಭಾಗದಲ್ಲಿ ಪಿಜಿಗಳ ಪೇಪರ್ ಸಬ್ಮಿಟ್ ಆಗುವಾಗಲೇ ಈ ಒಂದು ಪುಟವನ್ನೂ ಬರೆಸಿಕೊಳ್ಳುತ್ತೇನೆ.